ರೈಲ್ವೆಯ ಬಾಟಲಿ ನೀರು: ಘಾಟ್ಕೋಪರ್‌ನ ರೋಗಿಗೆ ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು?

2025ರ ಸೆಪ್ಟೆಂಬರ್ 22ರಿಂದ 'ರೈಲ್ ನೀರ್' ಬಾಟಲಿಯ ಬೆಲೆ ಇಳಿದಿದೆ. ಒಂದು ಲೀಟರಿಗೆ 15 ರೂ. ಇದ್ದದ್ದು 14 ರೂ. ಆಗಿದೆ, ಅರ್ಧ ಲೀಟರಿಗೆ 10 ರೂ. ಇದ್ದದ್ದು 9 ರೂ. ಆಗಿದೆ. ಬಾಟಲಿ ನೀರಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದದ್ದು ಇದಕ್ಕೆ ಕಾರಣ. ಒಂದು ರೂಪಾಯಿ ಇಳಿಕೆ ದೊಡ್ಡ ಸುದ್ದಿ ಅಲ್ಲ ಎನಿಸಬಹುದು. ಆದರೆ ಕೀಮೋಥೆರಪಿಗೆಂದು ಕಲಬುರಗಿಯಿಂದ ಮುಂಬೈಗೆ ಬರುವವರಿಗೆ, ಡಯಾಲಿಸಿಸ್‌ಗಾಗಿ ವಾರಕ್ಕೆ ಮೂರು ಸಲ ಲೋಕಲ್ ಹತ್ತುವವರಿಗೆ, ರಾಜಾವಾಡಿ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕುಳಿತವರಿಗೆ ಬಾಟಲಿ ನೀರು ದಿನನಿತ್ಯದ ಖರ್ಚು. ಅದಕ್ಕಿಂತ ಹೆಚ್ಚಾಗಿ, ಅದು ದಿನನಿತ್ಯದ ಪ್ರಶ್ನೆ. ಈ ನೀರು ಎಲ್ಲಿಂದ ಬರುತ್ತದೆ? ದಾರಿಯಲ್ಲಿ ಅದಕ್ಕೆ ಏನಾಗುತ್ತದೆ? ನಮ್ಮ ರೋಗಿಗೆ ಇದನ್ನು ಹಾಗೆಯೇ ಕೊಡಬಹುದೇ?

ಈ ಬಾರಿಯ ಅಂಕಣದಲ್ಲಿ ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಈ ನೀರು ಎಲ್ಲಿಯದು?

ರೈಲ್ ನೀರ್ ಭಾರತೀಯ ರೈಲ್ವೆಯ ಅಂಗಸಂಸ್ಥೆ ಐಆರ್‌ಸಿಟಿಸಿಯ ಬ್ರ್ಯಾಂಡ್. ಮೊದಲ ಘಟಕ 2003ರಲ್ಲಿ ದೆಹಲಿಯ ನಾಂಗ್ಲೋಯಿಯಲ್ಲಿ ಶುರುವಾಯಿತು. ಆಮೇಲೆ ಬಿಹಾರದ ದಾನಾಪುರ, ತಮಿಳುನಾಡಿನ ಪಾಲೂರು, ಕೇರಳದ ಪಾರಶ್ಶಾಲ, ಛತ್ತೀಸಗಢದ ಬಿಲಾಸಪುರ ಹೀಗೆ ದೇಶದ ಬೇರೆ ಬೇರೆ ಕಡೆ ಘಟಕಗಳು ಬಂದವು. ಮುಂಬೈ ಭಾಗದ ಘಟಕ ಇರುವುದು ಅಂಬರನಾಥದಲ್ಲಿ. ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೋಗುವ ಹಾದಿಯಲ್ಲಿ, ಬದ್ಲಾಪುರಕ್ಕಿಂತ ಮೊದಲು ಸಿಗುವ ಊರು ಅದು. ಘಾಟ್ಕೋಪರ್‌ನಿಂದ ರೈಲು ಹಾದಿಯಲ್ಲಿ ಸುಮಾರು 40 ಕಿ.ಮೀ. ನೀವು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾಯಚೂರು, ವಾಡಿ, ಸೊಲ್ಲಾಪುರದ ಮೂಲಕ ಬಂದರೆ ಅಂಬರನಾಥವನ್ನು ಹಾದೇ ಬರುತ್ತೀರಿ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. ಲೇಬಲ್‌ನಲ್ಲಿ 'ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್' ಎಂದಿದ್ದರೆ ಅದು ಬೆಟ್ಟದ ಒರತೆಯ ನೀರಲ್ಲ. ಕೊಳವೆಬಾವಿಯದೋ, ನಲ್ಲಿಯದೋ, ಅಣೆಕಟ್ಟಿನದೋ ನೀರನ್ನು ಶುದ್ಧೀಕರಿಸಿ ತುಂಬಿದ್ದು. ಮರಳು ಮತ್ತು ಇದ್ದಿಲಿನ ಸೋಸುವಿಕೆ, ಆರ್‌ಒ, ಅತಿನೇರಳೆ ಕಿರಣ, ಕೊನೆಗೆ ಓಝೋನ್ ಇವು ಸಾಮಾನ್ಯವಾಗಿ ಬಳಸುವ ಹಂತಗಳು. 'ನ್ಯಾಚುರಲ್ ಮಿನರಲ್ ವಾಟರ್' ಎನ್ನುವುದು ಬೇರೆ ವರ್ಗ. ಅದು ನಿರ್ದಿಷ್ಟ ಮೂಲದಿಂದ ಬಂದು, ಅದರ ಖನಿಜಾಂಶ ಬದಲಾಗದಂತೆ ತುಂಬಿದ ನೀರು. ಎರಡಕ್ಕೂ ಬೇರೆ ಬೇರೆ ಮಾನದಂಡಗಳಿವೆ. ಮೊದಲನೆಯದಕ್ಕೆ ಐಎಸ್ 14543, ಎರಡನೆಯದಕ್ಕೆ ಐಎಸ್ 13428. ಅಂಗಡಿಯಲ್ಲಿ ನಾವು 'ಮಿನರಲ್ ವಾಟರ್ ಕೊಡಿ' ಎಂದು ಕೇಳಿ ತರುವುದು ಹೆಚ್ಚಿನ ಸಲ ಮೊದಲನೆಯ ಬಗೆಯದ್ದೇ.

ರೈಲ್ವೆಯ ನೀರು ರೈಲಿನಲ್ಲೇ ಬರುತ್ತದೆಯೇ?

ಹೆಸರು ಕೇಳಿದರೆ ಹಾಗನಿಸುತ್ತದೆ. ಆದರೆ ಲೆಕ್ಕ ಅಷ್ಟು ಸರಳವಲ್ಲ.

ನೀರು ಭಾರದ ಸರಕು, ಅಗ್ಗದ ಸರಕು. ಒಂದು ಲೀಟರ್ ಎಂದರೆ ಒಂದು ಕೆ.ಜಿ. ರೈಲಿನ ಒಂದು ಪಾರ್ಸೆಲ್ ಬೋಗಿ ಸುಮಾರು 23 ಟನ್ ಹೊರುತ್ತದೆ. ಬಾಟಲಿ, ರಟ್ಟಿನ ಪೆಟ್ಟಿಗೆಗಳ ತೂಕ ಕಳೆದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೀಟರ್ ಬಾಟಲಿಗಳು ಒಂದು ಬೋಗಿಯಲ್ಲಿ ಹಿಡಿಸುತ್ತವೆ. ದೂರದ ಊರಿಗೆ ಒಂದೇ ಸಲ ಹೆಚ್ಚು ನೀರು ಕಳುಹಿಸಬೇಕಾದರೆ ರೈಲೇ ಮೇಲು. ಅಷ್ಟೇ ಭಾರವನ್ನು ಅಷ್ಟೇ ದೂರ ಸಾಗಿಸಲು ಲಾರಿಗೆ ಬೇಕಾಗುವ ಇಂಧನಕ್ಕಿಂತ ರೈಲಿಗೆ ಬಹಳ ಕಡಿಮೆ ಸಾಕು. ಫ್ರಾನ್ಸಿನಲ್ಲಿ ಆಲ್ಪ್ಸ್ ತಪ್ಪಲಿನ ಎವಿಯಾನ್ ಊರಿನ ಬಾಟ್ಲಿಂಗ್ ಘಟಕಕ್ಕೆ ತನ್ನದೇ ರೈಲು ನಿಲ್ದಾಣವಿದೆ. ಅಲ್ಲಿಯ ಉತ್ಪಾದನೆಯ ದೊಡ್ಡ ಪಾಲು ಹೊರಡುವುದು ರೈಲಿನಲ್ಲೇ.

ಅಂಬರನಾಥದಿಂದ ಘಾಟ್ಕೋಪರ್‌ಗೆ ಈ ಲೆಕ್ಕ ಒಗ್ಗುವುದಿಲ್ಲ. 40 ಕಿ.ಮೀ. ದೂರಕ್ಕೆ ರೈಲಿಗೆ ಹೇರುವುದು, ಇಳಿಸುವುದು, ಮತ್ತೆ ಸ್ಟಾಲ್‌ವರೆಗೆ ಹೊರುವುದು ಎಂದರೆ ಕೈಕೆಲಸ ಹೆಚ್ಚು. ಮೇಲಾಗಿ ಮಧ್ಯ ರೈಲ್ವೆಯ ಈ ಹಳಿಗಳ ಮೇಲೆ ನಿಮಿಷಗಳ ಅಂತರದಲ್ಲಿ ಲೋಕಲ್‌ಗಳು ಓಡುತ್ತವೆ. ವರ್ಸೋವಾ ಮೆಟ್ರೊದ ಕೊನೆಯ ನಿಲ್ದಾಣವೂ ಇಲ್ಲೇ ಇರುವುದರಿಂದ ಘಾಟ್ಕೋಪರ್ ಪ್ಲಾಟ್‌ಫಾರ್ಮ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಮನುಷ್ಯರು ನಿಲ್ಲಲೇ ಜಾಗ ಇರುವುದಿಲ್ಲ, ಪೆಟ್ಟಿಗೆ ಇಳಿಸುವ ಮಾತು ದೂರ. ಇಷ್ಟು ಹತ್ತಿರದ ಸಾಗಣೆಗೆ ಲಾರಿ ಅನುಕೂಲ.

ನೀರನ್ನು ನಿಜವಾಗಿ ರೈಲೇ ಹೊತ್ತು ಜೀವ ಉಳಿಸಿದ ಉದಾಹರಣೆಗಳು ಬೇರೆ ಇವೆ. 2016ರ ಏಪ್ರಿಲ್‌ನಲ್ಲಿ ಮರಾಠವಾಡದ ಲಾತೂರು ಒಣಗಿದಾಗ, ಕನ್ನಡಿಗರಿಗೆ ನೆರೆಮನೆಯಂತಿರುವ ಮೀರಜ್‌ನಿಂದ ಕೃಷ್ಣಾ ನದಿಯ ನೀರು ಸುಮಾರು 340 ಕಿ.ಮೀ. ದೂರ ರೈಲಿನಲ್ಲಿ ಹೋಯಿತು. ಮೊದಲ ಗಾಡಿಯಲ್ಲಿ 10 ಟ್ಯಾಂಕ್ ವ್ಯಾಗನ್‌ಗಳಿದ್ದವು, ಒಂದೊಂದರಲ್ಲಿ ಸುಮಾರು 50 ಸಾವಿರ ಲೀಟರ್. ಮುಂದೆ 50 ವ್ಯಾಗನ್‌ಗಳ ಗಾಡಿಗಳು 25 ಲಕ್ಷ ಲೀಟರ್ ಹೊತ್ತು ಓಡಾಡಿದವು. 2019ರ ಜುಲೈನಲ್ಲಿ ಚೆನ್ನೈಗೆ ಇದೇ ರೀತಿ ಜೋಲಾರ್‌ಪೇಟೆಯಿಂದ ನೀರು ಹೋಯಿತು.

ರೋಗಿಗಳ ದೃಷ್ಟಿಯಿಂದ ಈ ಎರಡು ಪ್ರಸಂಗಗಳಲ್ಲಿ ಗಮನಿಸಬೇಕಾದದ್ದು ಒಂದಿದೆ. ವ್ಯಾಗನ್‌ಗಳನ್ನು ಮೊದಲು ಒಳಗಿನಿಂದ ತೊಳೆದು ಸಜ್ಜು ಮಾಡಿದ್ದರು. ಆದರೂ ಊರು ಮುಟ್ಟಿದ ನೀರನ್ನು ನೇರವಾಗಿ ಮನೆಗಳಿಗೆ ಬಿಡಲಿಲ್ಲ, ಶುದ್ಧೀಕರಣ ಘಟಕಕ್ಕೆ ಕಳುಹಿಸಿದರು. ಚೆನ್ನೈಯಲ್ಲಿ ಅದು ಕಿಲ್ಪಾಕ್ ಘಟಕಕ್ಕೆ ಹೋಯಿತು. ಹೊರಡುವಾಗ ಶುದ್ಧವಾಗಿದ್ದ ನೀರು ತಲಪುವಾಗಲೂ ಶುದ್ಧವಾಗಿದೆ ಎಂದು ಜಲಮಂಡಳಿಗಳು ಊಹಿಸುವುದಿಲ್ಲ. ರೋಗಿಯ ಆರೈಕೆ ಮಾಡುವ ನಾವೂ ಊಹಿಸಬಾರದು.

ಈ ಗಾಡಿಗಳ ಪ್ರಮಾಣ ಎಷ್ಟು ಎಂಬ ಅಂದಾಜೂ ಇರಲಿ. ಬೃಹನ್ಮುಂಬೈ ಮಹಾನಗರಪಾಲಿಕೆ ದಿನಕ್ಕೆ ಪೂರೈಸುವ ನೀರು 380ರಿಂದ 400 ಕೋಟಿ ಲೀಟರ್. ಅಂದರೆ ನಿಮಿಷಕ್ಕೆ ಸುಮಾರು 27 ಲಕ್ಷ ಲೀಟರ್. ಲಾತೂರಿಗೆ ಹೋದ 50 ವ್ಯಾಗನ್‌ಗಳ ಇಡೀ ಗಾಡಿ ಮುಂಬೈಯನ್ನು ಒಂದು ನಿಮಿಷವೂ ತಣಿಸಲಾರದು. ಬಾಟಲಿಯಾಗಲಿ ರೈಲಾಗಲಿ ನಲ್ಲಿಗೆ ಬದಲಿಯಲ್ಲ. ಅವು ಪ್ರಯಾಣಕ್ಕೆ, ಆಪತ್ಕಾಲಕ್ಕೆ.

ಬಾಟಲಿ ಶುದ್ಧ ಎಂದರೆ ಎಷ್ಟು ಶುದ್ಧ?

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ: ಬಾಟಲಿ ನೀರು ಶುದ್ಧ ನೀರು, ಆದರೆ ಕ್ರಿಮಿರಹಿತ ನೀರಲ್ಲ.

ಮಾನದಂಡದ ಪ್ರಕಾರ ಬಾಟಲಿ ನೀರಿನಲ್ಲಿ ಮಲದ ಮೂಲದ ಇ. ಕೋಲಿ ಇರಕೂಡದು. ಕಾಲರಾ, ಟೈಫಾಯಿಡ್ ಗುಂಪಿನ ರೋಗಾಣುಗಳು ಇರಕೂಡದು. ಸೂಡೋಮೊನಾಸ್ ಎರುಜಿನೋಸಾ ಕೂಡ ಇರಕೂಡದು. ಆದರೆ ಆರೋಗ್ಯವಂತರಿಗೆ ಕೆಡುಕು ಮಾಡದ ಸಾಮಾನ್ಯ ಬ್ಯಾಕ್ಟೀರಿಯಾಗಳು ಮಿತಿಯೊಳಗೆ ಇರಬಹುದು. ಅದನ್ನು ಮಾನದಂಡವೇ ಒಪ್ಪುತ್ತದೆ. ಮುಚ್ಚಳ ತೆರೆದ ಮೇಲೆ ನಮ್ಮ ಕೈ, ಬಾಯಿ, ಗಾಳಿಯಿಂದ ಬರುವವು ಬೇರೆ.

ನಿಯಮಗಳಲ್ಲೂ ಇತ್ತೀಚೆಗೆ ಬದಲಾವಣೆ ಆಗಿದೆ. ಬಾಟಲಿ ನೀರಿಗೆ ಬಿಐಎಸ್ ಪ್ರಮಾಣಪತ್ರ ಕಡ್ಡಾಯ ಎಂಬ ಷರತ್ತನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ತನ್ನ ನಿಯಮಗಳಿಂದ ಕೈಬಿಟ್ಟಿತು. ಅದರ ಬೆನ್ನಿಗೇ, ನವೆಂಬರ್ ಕೊನೆಯಲ್ಲಿ, ಬಾಟಲಿ ನೀರನ್ನು 'ಹೆಚ್ಚು ಅಪಾಯದ ಆಹಾರ'ಗಳ ಪಟ್ಟಿಗೆ ಸೇರಿಸಿತು. ಈ ಪಟ್ಟಿಯಲ್ಲಿರುವ ಆಹಾರದ ತಯಾರಕರು ವರ್ಷಕ್ಕೊಮ್ಮೆ ಹೊರಗಿನ ಸಂಸ್ಥೆಯಿಂದ ತಪಾಸಣೆ ಮಾಡಿಸಿಕೊಳ್ಳಬೇಕು. 'ಹೆಚ್ಚು ಅಪಾಯ' ಎಂಬ ಪದ ನೋಡಿ ಹೆದರಬೇಕಾಗಿಲ್ಲ. ಹಾಲು, ಮಾಂಸ, ಮೀನಿನ ಉತ್ಪನ್ನಗಳೂ ಇದೇ ಪಟ್ಟಿಯಲ್ಲಿವೆ. ಕೆಟ್ಟರೆ ಬಹಳ ಜನರಿಗೆ ಒಮ್ಮೆಗೇ ತೊಂದರೆ ಆಗುವ ಆಹಾರ ಎಂಬುದಷ್ಟೇ ಅದರ ಅರ್ಥ.

ದಾರಿಯಲ್ಲಿ ಏನು ಕೆಡಬಹುದು?

ಘಟಕದಿಂದ ನಿಮ್ಮ ಕೈಗೆ ಬರುವ ತನಕ ಮೂರು ಜಾಗಗಳಲ್ಲಿ ತೊಂದರೆ ಆಗುತ್ತದೆ.

*ಒಂದು, ಬಿಸಿಲು.* ಮೇ ತಿಂಗಳಲ್ಲಿ ಮುಚ್ಚಿದ ಲಾರಿಯ ಒಳಗೆ, ತಗಡಿನ ಗೋದಾಮಿನಲ್ಲಿ ಬಾಟಲಿಗಳು ಗಂಟೆಗಟ್ಟಲೆ ಕಾಯುತ್ತವೆ. ಬಿಸಿ ಹೆಚ್ಚಿದಷ್ಟೂ ಪಿಇಟಿ ಪ್ಲಾಸ್ಟಿಕ್‌ನಿಂದ ಆಂಟಿಮನಿಯಂಥ ವಸ್ತುಗಳು ನೀರಿಗೆ ಹೆಚ್ಚು ಇಳಿಯುತ್ತವೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಸಾಮಾನ್ಯ ಸಾಗಣೆಯಲ್ಲಿ ಈ ಪ್ರಮಾಣ ತೀರಾ ಕಡಿಮೆ. ಒಂದು ದಿನ ಬಿಸಿಲು ಕಂಡ ಬಾಟಲಿ ವಿಷವಾಗಿಬಿಡುವುದಿಲ್ಲ. ಬಡ ಊರುಗಳಲ್ಲಿ ಪಾರದರ್ಶಕ ಪಿಇಟಿ ಬಾಟಲಿಯಲ್ಲಿ ನೀರು ತುಂಬಿ ಆರು ಗಂಟೆ ಬಿಸಿಲಿಗಿಟ್ಟು ರೋಗಾಣು ಕೊಲ್ಲುವ ವಿಧಾನವೇ ಇದೆ. ಆದರೆ ವಾರಗಟ್ಟಲೆ ಬಿಸಿಯಲ್ಲಿ ಬಿದ್ದಿದ್ದ ಬಾಟಲಿಯನ್ನು ರೋಗಿಗೆ ತರಬೇಡಿ. ಅಂಗಡಿಯ ಹೊರಗೆ ಬಿಸಿಲಿನಲ್ಲಿ ಪೇರಿಸಿದ ರಾಶಿಯಿಂದ ಅಲ್ಲ, ಒಳಗಿನ ನೆರಳಿನಿಂದ ಒಂದು ಬಾಟಲಿ ಕೊಡಿ ಎಂದು ಕೇಳಿ.

*ಎರಡು, ಬದಲಿ ಬಾಟಲಿ.* ಕಡ್ಡಾಯವಾಗಿ ರೈಲ್ ನೀರ್ ಕೊಡಬೇಕಿದ್ದ ಪ್ರೀಮಿಯಂ ರೈಲುಗಳಲ್ಲಿ ಅಗ್ಗದ ಬೇರೆ ನೀರು ಕೊಟ್ಟರು ಎಂಬ ಆರೋಪದ ಮೇಲೆ 2015ರ ಅಕ್ಟೋಬರ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿ ಶೋಧ ನಡೆಸಿತ್ತು. ಇದರಿಂದ ತಿಳಿಯುವುದು ಇಷ್ಟು. ಘಟಕದಲ್ಲಿ ಎಷ್ಟೇ ಎಚ್ಚರ ಇದ್ದರೂ, ಕೊನೆಯ ಕೈ ಬದಲಾಯಿಸಿದರೆ ಬಾಟಲಿ ಬದಲಾಗುತ್ತದೆ. ಬೇಸಿಗೆಯಲ್ಲಿ ಬೇಡಿಕೆ ಏರಿ ರೈಲ್ ನೀರ್ ಸಾಲದಾದಾಗ ರೈಲ್ವೆ ಒಪ್ಪಿದ ಬೇರೆ ಬ್ರ್ಯಾಂಡ್‌ಗಳನ್ನು ಮಾರಬಹುದು. ಒಪ್ಪಿಗೆ ಇಲ್ಲದ ಹೆಸರುಗಳು ನುಸುಳುವುದೂ ಆಗಲೇ.

*ಮೂರು, ಮರುತುಂಬಿದ ಬಾಟಲಿ.* ಎಸೆದ ಬಾಟಲಿಗೆ ನಲ್ಲಿ ನೀರು ತುಂಬಿ, ಮುಚ್ಚಳ ಅಂಟಿಸಿ ಮಾರುವುದು ಹಳೆಯ ದಂಧೆ. ರೋಗಿಗೆ ಎಲ್ಲಕ್ಕಿಂತ ಅಪಾಯಕಾರಿ ಇದೇ. ಮುಂಬೈ ಮಳೆಗಾಲದ ವಾಂತಿಭೇದಿ, ಟೈಫಾಯಿಡ್, ಹೆಪಟೈಟಿಸ್ ಎ ಮತ್ತು ಇ ಬರುವುದು ಕೆಟ್ಟ ನೀರಿನಿಂದಲೇ. ಹೆಪಟೈಟಿಸ್ ಇ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಕ್ಕೇ ಕುತ್ತು ತರಬಹುದು.

ಕೊಳ್ಳುವಾಗ ಅರ್ಧ ನಿಮಿಷ ಕೊಡಿ. ಮುಚ್ಚಳದ ಕೆಳಗಿನ ಬಳೆ ಮುರಿಯದೆ ಇರಬೇಕು. ತಿರುಗಿಸಿದಾಗ 'ಟಕ್' ಎಂದು ಬಿಟ್ಟುಕೊಳ್ಳಬೇಕು. ಬಾಟಲಿಯನ್ನು ತಲೆಕೆಳಗು ಮಾಡಿ ಒತ್ತಿದರೆ ಒಂದು ಹನಿಯೂ ಜಿನುಗಬಾರದು. ಲೇಬಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತುಂಬಿದ ದಿನಾಂಕ ಇರಬೇಕು. ಕುಡಿದಾದ ಮೇಲೆ ಬಾಟಲಿಯನ್ನು ಹಿಂಡಿ ಚಪ್ಪಟೆ ಮಾಡಿ ಎಸೆಯಿರಿ. ನಿಲ್ದಾಣದಲ್ಲಿ ಬಾಟಲಿ ಪುಡಿ ಮಾಡುವ ಯಂತ್ರ ಇದ್ದರೆ ಅದರಲ್ಲಿ ಹಾಕಿ. ನೀವು ಇಡಿಯಾಗಿ ಬಿಟ್ಟ ಬಾಟಲಿ ನಾಳೆ ಇನ್ನೊಬ್ಬ ರೋಗಿಯ ಕೈಗೆ ಬರಬಹುದು.

ನಿಮ್ಮ ರೋಗಿಗೆ: ಎಲ್ಲಿ ಸಾಕು, ಎಲ್ಲಿ ಸಾಲದು?

ಕೀಮೋಥೆರಪಿ, ಅಂಗಕಸಿ ಆದವರು. ಬಿಳಿರಕ್ತಕಣ ಇಳಿದಿರುವಾಗ ಮಾಮೂಲಿ ಬ್ಯಾಕ್ಟೀರಿಯಾವೂ ತೊಂದರೆ ಕೊಡಬಹುದು. ಪ್ರಯಾಣದಲ್ಲಿ ಸೀಲ್ ಇರುವ ಬಾಟಲಿ ಒಳ್ಳೆಯ ಆಯ್ಕೆ. ಕೋಣೆಗೆ ಅಥವಾ ಮನೆಗೆ ಮುಟ್ಟಿದ ಮೇಲೆ ಕುದಿಸಿ ಆರಿಸಿದ ನೀರು ಇನ್ನೂ ಮೇಲು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಹಾಗೆಯೇ ಬಿಡಿ, ಮುಚ್ಚಿ ಆರಿಸಿ. ರೋಗಿಯ ಬಾಟಲಿಯಿಂದ ಬೇರೆಯವರು ಕುಡಿಯಬಾರದು. ಸಾಧ್ಯವಾದರೆ ರೋಗಿಯೂ ಬಾಯಿಟ್ಟು ಕುಡಿಯದೆ ಲೋಟಕ್ಕೆ ಬಗ್ಗಿಸಿಕೊಳ್ಳಲಿ. ತೆರೆದ ಬಾಟಲಿಯನ್ನು ಮರುದಿನಕ್ಕೆ ಉಳಿಸಬೇಡಿ. ಸಣ್ಣ ಬಾಟಲಿ ಕೊಂಡರೆ ಈ ಚಿಂತೆ ಕಡಿಮೆ.

ಡಯಾಲಿಸಿಸ್‌ನಲ್ಲಿರುವವರು, ಹೃದಯ ದುರ್ಬಲವಾದವರು. ಇವರಿಗೆ ನೀರಿನ ಶುದ್ಧತೆಯಷ್ಟೇ ಅಳತೆಯೂ ಮುಖ್ಯ. ದಿನಕ್ಕೆ ಎಷ್ಟು ಎಂಬುದನ್ನು ವೈದ್ಯರು ಹೇಳಿರುತ್ತಾರೆ. ಬಾಟಲಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಬೆಳಿಗ್ಗೆ ಆ ದಿನದ ಪಾಲನ್ನು ಒಂದು ಬಾಟಲಿಗೆ ತುಂಬಿ. ಚಹಾ, ಸಾರು, ಮಜ್ಜಿಗೆ, ಗಂಜಿ ಕೊಟ್ಟಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿ. ಸಂಜೆ ಎಷ್ಟು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಸಾಧಾರಣ ಬಾಟಲಿ ನೀರಿನಲ್ಲಿ ಪೊಟ್ಯಾಸಿಯಂ, ಸೋಡಿಯಂ ಕಡಿಮೆ ಇರುತ್ತವೆ, ಚಿಂತೆ ಇಲ್ಲ. ವಿದೇಶಿ 'ಮಿನರಲ್ ವಾಟರ್' ಕೆಲವದರಲ್ಲಿ ಸೋಡಿಯಂ ಬಹಳ ಇರುತ್ತದೆ, ಲೇಬಲ್ ನೋಡಿ.

ವಾಂತಿಭೇದಿ ಆದವರು. ಒಂದು ಲೀಟರ್ ಬಾಟಲಿ ಇಲ್ಲಿ ದೊಡ್ಡ ಸಹಾಯ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರಿಗೆ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜಿನ ಲೋಟ ಬೇಡ. ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ, ಪುಟ್ಟ ಮಕ್ಕಳಿಗೆ ಅದು ಅಪಾಯ. 200 ಮಿ.ಲೀ.ಗೆ ಎಂದು ಬರುವ ಸಣ್ಣ ಪೊಟ್ಟಣಗಳೂ ಇವೆ, ಆದ್ದರಿಂದ ಓದಿಯೇ ಬೆರೆಸಿ. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ. ಔಷಧಿ ಅಂಗಡಿಯಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಬೇಡಿ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ 'ಓಆರ್‌ಎಸ್' ಎಂಬ ಪದ ಬಳಸಬಾರದೆಂದು ಆಹಾರ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಹಸುಗೂಸಿಗೆ ಪುಡಿ ಹಾಲು. ಬಾಟಲಿ ನೀರನ್ನು ಹಾಗೆಯೇ ಬೆರೆಸಬೇಡಿ. ಪುಡಿಯಲ್ಲೂ ರೋಗಾಣು ಇರಬಹುದು. ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಮೈಬೆಚ್ಚಗೆ ಆರಿಸಿ ಕುಡಿಸಬೇಕು. ಮಕ್ಕಳ ಆಂಟಿಬಯಾಟಿಕ್ ಪುಡಿ ಸಿರಪ್‌ಗೂ ಕುದಿಸಿ ಆರಿಸಿದ ನೀರನ್ನೇ ಗುರುತಿನ ಗೆರೆಯವರೆಗೆ ಹಾಕಿ. ಜೊತೆಗೆ ಕ್ರಿಮಿರಹಿತ ನೀರಿನ ಸೀಸೆ ಬಂದಿದ್ದರೆ ಅದನ್ನು ಬಳಸಿ.

ಆಮ್ಲಜನಕದ ಯಂತ್ರ, ಸಿಪ್ಯಾಪ್, ಮೂಗು ತೊಳೆಯುವುದು. ಈ ಮೂರಕ್ಕೂ ಬಾಟಲಿ ನೀರು ನೇರವಾಗಿ ಬೇಡ. ಆಮ್ಲಜನಕದ ತೇವಾಂಶದ ಡಬ್ಬಿಗೆ ಕ್ರಿಮಿರಹಿತ ನೀರು ಹಾಕಿ, ದಿನವೂ ಬದಲಿಸಿ. 2021ರಲ್ಲಿ ಕಪ್ಪು ಶಿಲೀಂಧ್ರದ ಹಾವಳಿ ಎದ್ದಾಗ ಐಸಿಎಂಆರ್ ಕೊಟ್ಟ ಸಲಹೆಗಳಲ್ಲಿ ಇದೂ ಒಂದು. ಜಲನೇತಿ ಮಾಡುವವರು, ಸೈನಸ್ ಶಸ್ತ್ರಚಿಕಿತ್ಸೆಯ ನಂತರ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರು ಮಾತ್ರ ಬಳಸಬೇಕು. ಮಿದುಳು ತಿನ್ನುವ ಅಮೀಬಾ ದೇಹಕ್ಕೆ ಸೇರುವುದು ಮೂಗಿನ ಮೂಲಕ. ನೀರು ಕುಡಿದರೆ ಆ ಕಾಯಿಲೆ ಬರುವುದಿಲ್ಲ.

ಪ್ಲಾಸ್ಟಿಕ್ ಕಣಗಳ ಭಯ ಎಷ್ಟು ನಿಜ?

2024ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಲೀಟರ್ ಬಾಟಲಿ ನೀರಿನಲ್ಲಿ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು. ಅದರಲ್ಲಿ ಶೇ. 90ರಷ್ಟು ಕಣ್ಣಿಗೂ ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಕಾಣದ ನ್ಯಾನೊ ಕಣಗಳು. ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಬಹಳ ಜನ ಹೆದರಿದರು. ಆ ಅಧ್ಯಯನ ಎಣಿಸಿದ್ದು ಕಣಗಳನ್ನು. ಅವು ಇಂಥ ಕಾಯಿಲೆ ತರುತ್ತವೆ ಎಂದು ಅದು ಹೇಳಿಲ್ಲ. ಆದ್ದರಿಂದ ಮನೆಯಲ್ಲಿ ಒಳ್ಳೆಯ ನೀರಿರುವಾಗ ವರ್ಷವಿಡೀ ಬಾಟಲಿ ಕುಡಿಯಲು ಕಾರಣವಿಲ್ಲ. ಆದರೆ ಮಳೆಗಾಲದ ನಿಲ್ದಾಣದಲ್ಲಿ, ಬಿಳಿರಕ್ತಕಣ ಇಳಿದಿರುವ ರೋಗಿಯೊಂದಿಗೆ ನಿಂತಿರುವಾಗ, ಕಣಗಳಿಗೆ ಹೆದರಿ ಗೊತ್ತಿಲ್ಲದ ನಲ್ಲಿಯ ನೀರು ಕುಡಿಸುವುದು ತಪ್ಪು. ನಾಳೆಯ ಸಂಶಯಕ್ಕಿಂತ ಇವತ್ತಿನ ಟೈಫಾಯಿಡ್ ದೊಡ್ಡದು. ಖಾಲಿ ಬಾಟಲಿಯನ್ನು ಮಾತ್ರ ತಿಂಗಳುಗಟ್ಟಲೆ ಮತ್ತೆ ಮತ್ತೆ ತುಂಬಬೇಡಿ. ಅದರ ಕಿರಿದಾದ ಬಾಯಿಯಿಂದಾಗಿ ಒಳಗೆ ತೊಳೆಯಲು ಬರುವುದಿಲ್ಲ. ಸ್ಟೀಲಿನ ಬಾಟಲಿ ಒಂದು ಸಲದ ಖರ್ಚು.

ಮನೆಯ ಲೆಕ್ಕ

ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂದರೆ ರೈಲ್ ನೀರ್ ದರದಲ್ಲೂ 42 ರೂ., ತಿಂಗಳಿಗೆ 1,260 ರೂ. ನಾಲ್ವರ ಸಂಸಾರಕ್ಕೆ 5,000 ರೂ. ದಾಟುತ್ತದೆ. ಇದೇ ಹಣ ಒಂದು ತಿಂಗಳ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗೆ ಸಾಕಾದೀತು. ಬಾಟಲಿ ನೀರು ಕೊಳ್ಳಲೆಂದು ಮಾತ್ರೆ ಬಿಟ್ಟವರಿದ್ದರೆ ಅವರಿಗೆ ಸ್ಪಷ್ಟವಾಗಿ ಹೇಳಬೇಕು: ಮಾತ್ರೆ ಬಿಡಬೇಡಿ, ನೀರು ಕುದಿಸಿ.

ಘಾಟ್ಕೋಪರ್‌ನ ನಲ್ಲಿಗೆ ಬರುವ ನೀರು ಹುಟ್ಟುವುದು ಭಾತ್ಸಾ, ವೈತರಣಾ, ತಾನಸಾದಂಥ ದೂರದ ಜಲಾಶಯಗಳಲ್ಲಿ. ಅದು ಭಾಂಡುಪ್‌ನಂಥ ದೊಡ್ಡ ಶುದ್ಧೀಕರಣ ಘಟಕಗಳನ್ನು ದಾಟಿ ಬರುತ್ತದೆ. ಘಟಕದಿಂದ ಹೊರಡುವಾಗ ಅದು ಒಳ್ಳೆಯ ನೀರೇ. ಕೆಡುವುದು ಕೊನೆಯ ಹಂತದಲ್ಲಿ: ಗಟಾರದ ಪಕ್ಕ ಹಾದುಹೋದ ಹಳೆಯ ಕೊಳವೆ, ಅಸಲ್ಫಾದಂಥ ಗುಡ್ಡದ ಬಸ್ತಿಗಳಲ್ಲಿ ಒತ್ತಡ ಸಾಲದೆ ಹಚ್ಚುವ ಪಂಪು, ವರ್ಷಗಟ್ಟಲೆ ತೊಳೆಯದ ಸೊಸೈಟಿಯ ಟಾಕಿ. ಬಾಟಲಿಯ ಕತೆಯೂ ನಲ್ಲಿಯ ಕತೆಯೂ ಇಲ್ಲಿ ಒಂದೇ. ಅದಕ್ಕೇ ಕುದಿಸುವುದು ಮನೆಯಲ್ಲಿ ಆಗುವ ಅತ್ಯಂತ ನಂಬಿಕಸ್ತ ಕೆಲಸ. ಸೊಸೈಟಿಯ ಟಾಕಿ ಕೊನೆಗೆ ಯಾವಾಗ ತೊಳೆದದ್ದು ಎಂದು ಮುಂದಿನ ಸಭೆಯಲ್ಲಿ ಕೇಳಿ. ಮನೆಯಲ್ಲಿ ರೋಗಿ ಇದ್ದಾರೆ ಎಂದು ಹೇಳಿಯೇ ಕೇಳಿ.

20 ಲೀಟರ್ ಜಾರ್ ತರಿಸುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಸೀಲ್ ಮತ್ತು ಪರವಾನಗಿ ಸಂಖ್ಯೆ ಇದ್ದರೆ ಅದು ಪ್ಯಾಕೇಜ್ಡ್ ನೀರು. ಇವು ಎರಡೂ ಇಲ್ಲದ ತಣ್ಣನೆಯ ನೀರಿನ ಕ್ಯಾಂಪರ್ ಬರೀ ತಂಪು ನೀರು, ಅಷ್ಟೆ. ತಂಪಿಗೂ ಶುದ್ಧಿಗೂ ಸಂಬಂಧವಿಲ್ಲ. ಮಂಜುಗಡ್ಡೆ ಹಾಕಿದ್ದರೆ ಅಪಾಯ ಇನ್ನೂ ಹೆಚ್ಚು.

ನಿಮ್ಮ ಹಕ್ಕುಗಳು

ಮುದ್ರಿತ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಅದು ತಪ್ಪು. 'ತಂಪು ಮಾಡಿದ ಚಾರ್ಜು' ಎಂಬುದು ಇಲ್ಲ. ರೈಲಿನಲ್ಲಿ ಅಥವಾ ನಿಲ್ದಾಣದಲ್ಲಿ ಹೆಚ್ಚು ಹಣ ಕೇಳಿದರೆ, ಸೀಲ್ ಅನುಮಾನ ಬಂದರೆ 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್ ಆ್ಯಪ್‌ನಲ್ಲಿ ಬರೆಯಿರಿ. ಬಾಟಲಿಯ ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ, ಅದಿಲ್ಲದೆ ದೂರು ಮುಂದೆ ಹೋಗುವುದು ಕಷ್ಟ. ಹೊರಗಿನ ಅಂಗಡಿಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಂದೇ ಭಾರತ್‌ನಲ್ಲಿ ಈಗ ಮೊದಲು ಅರ್ಧ ಲೀಟರ್ ಬಾಟಲಿ ಕೊಡುತ್ತಾರೆ. ನೀರು ಪೋಲಾಗಬಾರದೆಂದು 2024ರಲ್ಲಿ ಮಾಡಿದ ಬದಲಾವಣೆ ಇದು. ಇನ್ನೊಂದು ಅರ್ಧ ಲೀಟರ್ ಕೇಳಿದರೆ ಹಣವಿಲ್ಲದೆ ಕೊಡಬೇಕು. ಮಾತ್ರೆ ನುಂಗಬೇಕಾದ ರೋಗಿಗಳು ಸಂಕೋಚಪಡದೆ ಕೇಳಿ.

ವೈದ್ಯರಿಗೆ ಯಾವಾಗ ಹೇಳಬೇಕು?

ನೀರು ಬದಲಾದ ಮೇಲೆ ಒಂದೆರಡು ಸಲ ಭೇದಿಯಾದರೆ ಓಆರ್‌ಎಸ್ ಕೊಟ್ಟು ನೋಡಬಹುದು. ಆದರೆ ಕೀಮೋ ಅಥವಾ ಅಂಗಕಸಿ ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ರಾತ್ರಿಯಾದರೂ ಕಾಯಬೇಡಿ, ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಫೋನ್ ಮಾಡಿ. ಭೇದಿಯಲ್ಲಿ ರಕ್ತ, ನಿಲ್ಲದ ವಾಂತಿ, ಆರೇಳು ಗಂಟೆ ಮೂತ್ರವಿಲ್ಲದಿರುವುದು, ಕಣ್ಣು ಹಳದಿಯಾಗುವುದು, ಮಗು ಮಂಕಾಗುವುದು ಇವು ಕಂಡರೆ ಅಂದೇ ತೋರಿಸಬೇಕು. ಡಯಾಲಿಸಿಸ್‌ನಲ್ಲಿರುವವರು ಮತ್ತು ಹೃದಯದ ಕಾಯಿಲೆಯವರು ಭೇದಿಯಾದಾಗ ಎಷ್ಟು ಓಆರ್‌ಎಸ್ ಕುಡಿಯಬೇಕೆಂಬುದನ್ನು ತಾವೇ ನಿರ್ಧರಿಸದೆ ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಆ ದಿನ ಮಾತ್ರೆ ಮುಂದುವರಿಸಬೇಕೇ ಎಂದೂ ಕೇಳಬೇಕು. ಯಾವ ನೀರು ಕುಡಿದಿದ್ದರು, ಎಲ್ಲಿ ಕೊಂಡದ್ದು ಎಂಬುದನ್ನು ವೈದ್ಯರಿಗೆ ತಿಳಿಸಿ. ಅದೇ ವಾರ ಅದೇ ಪ್ರದೇಶದಿಂದ ಬೇರೆ ರೋಗಿಗಳೂ ಬಂದಿದ್ದರೆ ಆ ಒಂದು ಮಾತಿನಿಂದ ಕೆಟ್ಟ ನೀರಿನ ಮೂಲ ಬೇಗ ಪತ್ತೆಯಾಗುತ್ತದೆ.